ಬಾಯಿ ಮುಚ್ಚಿಕೊಂಡು ಕಲಿತ ಪಾಠ

ಚಿಂಚವಾಡದ ಆ ಟ್ಯೂಷನ್ ಕ್ಲಾಸಿನಲ್ಲಿ ಗಣಿತದ ಸಂಜೆ ಬ್ಯಾಚಿಗೆ ಪಾಠ ಹೇಳುವವರು ಯಾರೂ ಇರಲಿಲ್ಲ. ನನಗೆ ಆ ಕೆಲಸ ಬೇಕೇ ಬೇಕಿತ್ತು. ಕ್ಲಾಸು ನಡೆಸುವ ಮ್ಯಾಡಮ್ ಮರಾಠಿಯಲ್ಲಿ ಒಂದೇ ಷರತ್ತು ಹಾಕಿದರು: ಮೊದಲು ಎರಡು ವಾರ ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು, ತುಟಿ ಪಿಟಕ್ಕೆನ್ನಬಾರದು. ನನ್ನದು ಬಾಯಿ ಬೊಂಬಾಯಿ ಎಂಬುದು ಮನೆಮಂದಿಯ ಖಾಯಂ ದೂರು. ಷರತ್ತು ಕೇಳಿಯೇ ಮೈ ಉರಿಯಿತು. ಆದರೂ ಒಪ್ಪಿಕೊಂಡೆ.

ಮೊದಲ ವಾರ ಅಲ್ಲಿನ ಹಳಬರಾದ ಸರ್ ಒಬ್ಬರ ಕ್ಲಾಸು. ಅವರು ಕೈ ಬೀಸಿ, ಕಥೆ ಕಟ್ಟಿ, ಲೆಕ್ಕವನ್ನೇ ನಾಟಕ ಮಾಡುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಪಾಠ ಅಂದರೆ ಇದು ಎಂದು ನಾನೂ ಮರುಳಾದೆ. ಎರಡನೆಯ ವಾರ ಮ್ಯಾಡಮ್ ಅವರದೇ ಕ್ಲಾಸು. ಅಲ್ಲಿ ಏನೂ ನಡೆಯುವುದೇ ಇಲ್ಲ ಅನ್ನಿಸಿತು. ಅವರು ಪ್ರಶ್ನೆ ಕೇಳುವುದು, ಆಮೇಲೆ ಗಲ್ಲಕ್ಕೆ ಕೈ ಕೊಟ್ಟು ಕಾಯುವುದು, ಅಷ್ಟೇ.

ನನ್ನ ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ಮ್ಯಾಡಮ್ ಕೇಳಿದರೆ, ನಾಲ್ಕನೇ ಒಂದು ಭಾಗ ಎಂದಳು. ‘ಹೇಗೆ ಗೊತ್ತಾಯಿತು?’ ಎಂದರು ಮ್ಯಾಡಮ್. ಬೈಯಲಿಲ್ಲ, ತಿದ್ದಲೂ ಇಲ್ಲ. ಹುಡುಗಿ ಬೆವರಿದಳು, ಗೀಚಿದಳು, ಅಳಿಸಿದಳು. ಅವಳ ಭಾಷೆಯಲ್ಲಿ ನಾನೊಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ! ನಾಲಗೆ ಕಚ್ಚಿಕೊಂಡು ಕೂತೆ. ಮ್ಯಾಡಮ್ ಮೇಲೆ ಕೆಂಡದಂಥ ಸಿಟ್ಟು ಬಂತು. ಒಂದೆರಡು ದಿನ ಕಳೆದು ಹುಡುಗಿ ತಾನಾಗಿಯೇ ಸರಿಯಾದ ಉತ್ತರ ಹೇಳಿದಳು. ಮ್ಯಾಡಮ್ ಆಗಲೂ ಅದನ್ನೇ ಕೇಳಿದರು, ಹೇಗೆ ಗೊತ್ತಾಯಿತು ಅಂತ.

ವಾರದ ಕೊನೆಯಲ್ಲಿ ಮ್ಯಾಡಮ್ ಯಾವುದೋ ಫೋನು ಬಂದು ಹೊರಗೆ ಹೋದಾಗ ಆ ಹುಡುಗಿ ನನ್ನ ಕಡೆ ತಿರುಗಿದಳು. ನಾನು ಗೇಟಿನ ಹತ್ತಿರ ನಮ್ಮವ್ವನ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದಳಂತೆ.

‘ನಿಮಗ ತಿಳೀವಲ್ದೇನ್ರಿ ಅಕ್ಕಾ? ದಿನಾ ಸುಮ್ಮನ ಕುಂತಿರ್ತೀರಿ. ಒಂದ್ ಕೊಡ ನೀರು ಮೂರು ಮನಿಗಿ ಹಂಚಿದ್ರ ಒಂದೊಂದ್ ಮನಿಗಿ ಭಾಳ ಸಿಗ್ತದೋ, ನಾಕು ಮನಿಗಿ ಹಂಚಿದ್ರ ಭಾಳ ಸಿಗ್ತದೋ?’

ಗಲ್ಲಕ್ಕೆ ಕೈ ಕೊಟ್ಟು ಕಾದಳು. ನಾನು ಷರತ್ತು ಮರೆತು ‘ಮೂರು ಮನಿಗಿ’ ಅಂದೆ.

‘ಹೆಂಗ ಗೊತ್ತಾತ್ರಿ?’

ತಬ್ಬಿಬ್ಬಾದೆ. ಸರಿಯುತ್ತರ ಹೇಳಿದ ಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ತಡವರಿಸುತ್ತ ವಿವರಿಸಿದೆ. ಅವಳು ಅವಸರ ಮಾಡಲಿಲ್ಲ. ಏನೂ ನಡೆಯುವುದಿಲ್ಲ ಎಂದುಕೊಂಡಿದ್ದ ಕ್ಲಾಸಿನಲ್ಲಿ ಇಷ್ಟು ದಿನ ಏನು ನಡೆಯುತ್ತಿತ್ತು ಎಂದು ಆಗ ತಿಳಿಯಿತು. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ತಲೆ ಎತ್ತಿದರೆ ಬಾಗಿಲಲ್ಲಿ ಮ್ಯಾಡಮ್. ಬ್ಯಾಚು ಕೈತಪ್ಪಿತು ಎಂದುಕೊಂಡೆ. ಅವರು ನನ್ನತ್ತ ಬೆರಳು ತೋರಿಸಿ, ಇವರು ಹೇಗೆ ಎಂದು ಹುಡುಗಿಯನ್ನು ಕೇಳಿದರು. ಅವಳು ಗಂಭೀರವಾಗಿ ಮರಾಠಿಯಲ್ಲಿ ಹೇಳಿದಳು: ಸ್ವಲ್ಪ ನಿಧಾನ, ಆದರೆ ಕಲಿಯುತ್ತಾರೆ.

ಸೋಮವಾರದಿಂದ ಸಂಜೆ ಬ್ಯಾಚು ನನ್ನದಾಯಿತು, ಅವಳ ಶಿಫಾರಸಿನ ಮೇಲೆ.