ಒಣಗದ ಬೋರ್ಡು

ವ್ಯಾಪಾರ ಕುಸಿದು ಬೀದಿಯವರೆಲ್ಲ ಕೈಕಟ್ಟಿ ಕುಳಿತ ವರ್ಷ ಬೋರ್ಡಣ್ಣನಿಗೆ ಮಾತ್ರ ಉಸಿರಾಡಲೂ ಪುರುಸೊತ್ತಿರಲಿಲ್ಲ. ‘ಅಂಗಡಿ ಬಾಡಿಗೆಗಿದೆ’, ‘ಸಾಮಾನು ಮಾರಾಟಕ್ಕಿದೆ’ ಎಂದು ದಿನಕ್ಕೊಂದು ಬರೆಯುತ್ತಿದ್ದ. ಮೂವತ್ತು ವರ್ಷದಿಂದ ಆ ಅಂಗಡಿಗಳ ಹೆಸರು ಬರೆದವನೂ ಅವನೇ. ಬೆಳಿಗ್ಗೆ ಹೇಳಿದ ಬೋರ್ಡನ್ನು ಸಂಜೆಗೆ ಒಣಗಿಸಿ ಕೊಡುವುದು ಅವನ ಹೆಚ್ಚುಗಾರಿಕೆ. ಬಣ್ಣಕ್ಕೆ ಅದೇನು ಬೆರೆಸುತ್ತಿದ್ದನೋ, ಕಟ್ಟಿಕೊಂಡ ಹೆಂಡತಿಗೂ ಹೇಳಿದವನಲ್ಲ.

ಕೈಯಷ್ಟೇ ಬಾಯಿಯೂ ಚುರುಕು. ಪಕ್ಕದ ಕ್ಷೌರದಂಗಡಿಯ ರೇಡಿಯೋದಲ್ಲಿ ಸರ್ಕಾರ ನೆರವಿಗೆ ಬರಬೇಕೋ ಬೇಡವೋ ಎಂದು ಚರ್ಚೆ ಶುರುವಾದರೆ ತೀರ್ಪು ಇವನದೇ.

"ಬಿದ್ದೋರು ತಾವೇ ಏಳ್ಬೇಕು ಕಣ್ರೀ. ಸರ್ಕಾರ ಎಷ್ಟು ಜನಾನ ಸೊಂಟದ ಮೇಲೆ ಎತ್ಕೊಂಡು ತಿರುಗುತ್ತೆ?"

"ತನ್ನ ಕಾಲಿಗೆ ಮುಳ್ಳು ಚುಚ್ಚಿಲ್ಲವಲ್ಲ, ಅದಕ್ಕೆ" ಎಂದು ಹೆಂಡತಿ ಒಳಗಿನಿಂದ ಗೊಣಗುತ್ತಿದ್ದಳು.

ಒಂದು ಸೋಮವಾರ ಎದುರು ಸಾಲಿನ ಟೈಲರಮ್ಮ ಬಂದಳು. ಎರಡು ಮೆಷಿನ್ ನಂಬಿ ಹನ್ನೊಂದು ವರ್ಷ ಸಂಸಾರ ತೂಗಿಸಿದವಳು. ಆಸ್ಪತ್ರೆಗಳ ಬಟ್ಟೆಯನ್ನು ಇನ್ನು ಸಣ್ಣ ಅಂಗಡಿಗಳಲ್ಲೇ ಹೊಲಿಸುತ್ತೇವೆಂದು ಸರ್ಕಾರ ಹೇಳಿ ತಿಂಗಳಾಗಿತ್ತು. ಆ ಕೆಲಸದ ಸುಳಿವೇ ಇರಲಿಲ್ಲ.

"ಮೆಷಿನ್ ಮಾರಾಟಕ್ಕಿದೆ ಅಂತ ಬರ್ಕೊಡಿ ಅಣ್ಣ. ಕಾದು ಸಾಕಾಯ್ತು."

ಎಷ್ಟು ದೊಡ್ಡ ಬೋರ್ಡು ಎಂದು ಕೇಳಿದರೆ ಕೊರಳಲ್ಲಿದ್ದ ಟೇಪನ್ನೇ ಬಿಚ್ಚಿ ಅಳೆದು ತೋರಿಸಿದಳು. ಬೋರ್ಡಣ್ಣ ಆ ಟೇಪನ್ನೇ ನೋಡುತ್ತಾ ಅಳತೆ ಬರೆದುಕೊಂಡ.

ಸಂಜೆ ಬಂದಳು. "ಒಣಗಿಲ್ಲಮ್ಮ, ಹವಾ ಸರಿಯಿಲ್ಲ." ಮರುದಿನವೂ ಬಂದಳು. "ಇನ್ನೂ ಅಂಟುತ್ತೆ." ಗುರುವಾರ ತಪ್ಪೆಲ್ಲ ಹೊಸ ಬಣ್ಣದ ಡಬ್ಬಿಯ ಮೇಲೆ ಬಿತ್ತು. ಗೋಡೆಗೆ ಮುಖ ಮಾಡಿ ಇಟ್ಟಿದ್ದ ಬೋರ್ಡನ್ನು ಹೆಂಡತಿ ಮುಟ್ಟಿ ನೋಡಿದಳು, ಬೆರಳಿಗೆ ಏನೂ ಹತ್ತಲಿಲ್ಲ. ಗಂಡನ ಮುಖ ನೋಡಿ ಅದನ್ನು ಮತ್ತೆ ಗೋಡೆಗೇ ತಿರುಗಿಸಿಟ್ಟಳು. ಈಗ ಅವನೇ ಕ್ಷೌರಿಕನನ್ನು ದಿನಾ ಕೇಳುತ್ತಿದ್ದ, "ಆ ಆಸ್ಪತ್ರೆ ಬಟ್ಟೆ ವಿಷಯ ರೇಡಿಯೋದಲ್ಲಿ ಏನಾದ್ರೂ ಹೇಳಿದ್ರಾ?" ಎದುರಿನ ಮೆಷಿನ್‌ಗಳ ಸದ್ದು ನಿಂತೇ ಹೋಗುತ್ತದೆ ಎಂದು ನೆನೆದರೆ ಅವನಿಗೆ ಸಂಕಟವಾಗುತ್ತಿತ್ತು.

ಒಂಬತ್ತನೇ ದಿನ ಟೈಲರಮ್ಮ ಕಾಗದ ಹಿಡಿದು ಓಡಿಬಂದಳು. "ಆರು ತಿಂಗಳ ಹೊಲಿಗೆ ಕೊಟ್ಟಿದ್ದಾರೆ ಅಣ್ಣ. ಬೋರ್ಡು ಬೇಡ." ಅಷ್ಟಕ್ಕೇ ನಿಲ್ಲದೆ ಬೋರ್ಡನ್ನು ತಿರುಗಿಸಿ ಉಗುರಿನಿಂದ ಕೆರೆದಳು. ಕಲ್ಲಿನಂತೆ ಒಣಗಿತ್ತು. ಅವಳ ಕಣ್ಣು ತುಂಬಿತು.

ಕ್ಷೌರಿಕ ಬಾಗಿಲಲ್ಲೇ ನಿಂತಿದ್ದ. "ಏನ್ ಬೋರ್ಡಣ್ಣ, ಬಿದ್ದೋರು ತಾವೇ ಏಳ್ಬೇಕು ಅಂತಿದ್ರಿ?"

"ಈಗ್ಲೂ ಅಂತೀನಿ. ಏಳೋಕೆ ಸ್ವಲ್ಪ ಟೈಮ್ ಕೊಡಬೇಕಲ್ವಾ?"

ಗೆದ್ದವನಂತೆ ನಕ್ಕು ಬೀದಿಯತ್ತ ತಿರುಗಿದ. ಎದುರು ಸಾಲಿನ ಮುಚ್ಚಿದ ಬಾಗಿಲುಗಳ ಮೇಲೆ ಅವನೇ ಬರೆದ ಹದಿನೇಳು ಬೋರ್ಡುಗಳಿದ್ದವು. ನಗು ಅಲ್ಲಿಗೇ ನಿಂತಿತು. ಒಂದೊಂದನ್ನೂ ಹೇಳಿದ ದಿನವೇ, ಸಂಜೆಯೊಳಗೆ, ಒಣಗಿಸಿ ಕೊಟ್ಟಿದ್ದ.