ಅಕ್ಕನಿಗೆ ಕೇಳಿಸದ ಸ್ವರ

ಅಕ್ಕ, ಆ ದಿನ ಸ್ಪೀಕರಿನ ಸದ್ದು ನಿಂತಿರಲಿಲ್ಲ. ನಿಂತಿತು ಎಂದು ನಾನು ಸುಳ್ಳು ಹೇಳಿದೆ. ನಿನ್ನ ಕಿವಿ ಕೆಡುತ್ತಿದೆ ಎಂಬುದು ನಿನಗಿಂತ ಮೊದಲು, ಭಾವನಿಗಿಂತ ಮೊದಲು, ಊಟಿಯ ಡಾಕ್ಟರಿಗಿಂತ ಮೂರು ವರ್ಷ ಮೊದಲು ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಎರಡು ಸಾವಿರದ ಎರಡನೇ ಇಸವಿ, ಜನವರಿಯ ಒಂದು ಭಾನುವಾರ. ಆ ವಾರವೆಲ್ಲ ನಾನು ನೆಲದ ಮೇಲೆ ನಡೆದಿದ್ದೇ ಇಲ್ಲ ಅನ್ನಬೇಕು. ಊಟಿಯ ಹೋಟೆಲೊಂದು ಹಳೆಯ ಸಾಮಾನು ಮಾರುತ್ತಿದೆ ಎಂದು ಕೇಳಿ ಓಡಿಹೋಗಿ, ಹೋಂ ಥಿಯೇಟರ್ ಸೆಟ್ಟೊಂದನ್ನು ಗೂಡಲೂರಿಗೆ ಬಸ್ಸಿನಲ್ಲೇ ತಂದಿದ್ದೆ. ಆಂಪ್ಲಿಫೈಯರು ತೊಡೆಯ ಮೇಲೆ, ಐದು ಸಣ್ಣ ಸ್ಪೀಕರುಗಳು ಕಾಲಿನ ಸಂದಿಯಲ್ಲಿ, ದೊಡ್ಡ ವೂಫರು ಕಂಡಕ್ಟರನ ಬೈಗುಳದ ಜೊತೆ ಡ್ರೈವರಿನ ಹಿಂದೆ. ಬಜಾರಿನ ಅಂಗಡಿಯಲ್ಲಿ ಊರವರ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತ ಬದುಕಿದವನಿಗೆ ಮೊದಲ ಸಲ ತನ್ನದೇ ಒಂದು ಸೆಟ್ಟು!

ಆದರೆ ಮನೆಯಲ್ಲಿ ಹಚ್ಚಿದರೆ ಎಂಥ ಸದ್ದು ಅದು! ಮಾತೆಲ್ಲ ಹಂಡೆಯೊಳಗಿಂದ ಬಂದಂತೆ, ಡೋಲಿನ ಒಂದೊಂದು ಪೆಟ್ಟಿಗೂ ಅಡುಗೆಮನೆಯ ಸ್ಟೀಲು ತಟ್ಟೆಗಳ ಗಡಗಡ. ತಪ್ಪು ಸ್ಪೀಕರಿನದಲ್ಲ, ನಮ್ಮ ಕೋಣೆಯದು. ಕೆಲವು ದನಿಗಳನ್ನು ಅದು ಉಬ್ಬಿಸುತ್ತಿತ್ತು, ಕೆಲವನ್ನು ನುಂಗುತ್ತಿತ್ತು. ಅದಕ್ಕೇ ಅಂಗಡಿಯಲ್ಲಿ ಕೂತು ಒಂದು ಈಕ್ವಲೈಜರ್ ಜೋಡಿಸಿದೆ. ಮೇಲೆ ಕೆಳಗೆ ಜಾರುವ ಹತ್ತು ಗುಂಡಿ. ತೀರ ಕೆಳಗಿನ ಗುಡುಗಿನಿಂದ ತೀರ ಮೇಲಿನ ಕಿಣಿಕಿಣಿಯವರೆಗೆ ಒಂದೊಂದು ಮಟ್ಟದ ದನಿಗೆ ಒಂದೊಂದು. ಕಂಪ್ಯೂಟರ್ ಸೆಂಟರಿನ ಗೆಳೆಯ ಆ ಹತ್ತೂ ಸ್ವರಗಳನ್ನು ಸಾಲಾಗಿ ಒಂದು ಸಿ.ಡಿ.ಗೆ ಹಾಕಿಕೊಟ್ಟಿದ್ದ.

ಕೂತು ಕೇಳುವ ಜಾಗದಲ್ಲಿ ಒಬ್ಬರು ಬೇಕು, ಗುಂಡಿಯ ಹತ್ತಿರ ಒಬ್ಬರು. ಕೇಳುವುದಕ್ಕೆ ನೀನಲ್ಲದೆ ಇನ್ಯಾರು? ಚಿಕ್ಕಂದಿನಲ್ಲಿ ರೇಡಿಯೊದ ಮುಳ್ಳನ್ನು ನಾನು ತಿರುಗಿಸುತ್ತಿದ್ದೆ, ಕಣ್ಣು ಮುಚ್ಚಿ "ಇನ್ನೊಂದು ಚೂರು... ಹಾಂ, ಅಲ್ಲೇ" ಅನ್ನುತ್ತಿದ್ದವಳು ನೀನು. ಹಾರನ್ ಕೇಳಿಯೇ ಬಂದದ್ದು ಯಾವ ಬಸ್ಸು ಅಂತ ಹೇಳುತ್ತಿದ್ದವಳು. ಚೇರಂಬಾಡಿ ರಸ್ತೆಯ ಟೀ ಫ್ಯಾಕ್ಟರಿಯಲ್ಲಿ, ಎಲೆ ಅರೆಯುವ ಯಂತ್ರಗಳ ಪಕ್ಕ ನಿನಗಾಗಲೇ ಎಂಟು ವರ್ಷದ ಕೆಲಸ. ದಿನದ ಪಾಳಿ ಮುಗಿಸಿ ಬಂದ ಮೇಲೂ ನೀನು ಒಂದು ಗಂಟೆ ಕಿರುಚಿ ಮಾತಾಡುತ್ತಿದ್ದೆ. "ಫ್ಯಾಕ್ಟರಿ ಬಾಯಿ" ಎಂದು ನಾವು ನಗುತ್ತಿದ್ದೆವು— ನಗುತ್ತಿದ್ದೆವು, ಅಷ್ಟೆ.

ಆ ಮಧ್ಯಾಹ್ನದಷ್ಟು ಖುಷಿ ನನಗೆ ಆಮೇಲೆ ಸಿಕ್ಕಿಲ್ಲ. ನೀನು ಸೆರಗು ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತೆ. "ಇಳಿಸು. ಇನ್ನೂ ಇಳಿಸು. ಈಗ ಸರಿ!" ಗೋಡೆಗೆ ಕಂಬಳಿ ನೇತುಹಾಕಿದೆವು, ಗುಂಯ್‌ಗುಡುವಿಕೆ ಅರ್ಧಕ್ಕೆ ಇಳಿಯಿತು. ಕುರ್ಚಿಯನ್ನು ಒಂದಡಿ ಮುಂದೆ ಎಳೆದೆವು, ಇನ್ನಷ್ಟು ಇಳಿಯಿತು. ನೀನು ಚಪ್ಪಾಳೆ ತಟ್ಟಿದೆ! ಒಂದು, ಎರಡು, ಮೂರು— ಏಳು ಗುಂಡಿ ಮುಗಿದವು. ಕೋಣೆ ನಮ್ಮ ಮಾತು ಕೇಳುತ್ತಿತ್ತು, ಅಕ್ಕ.

ಎಂಟನೆಯದು ನಾಲ್ಕು ಸಾವಿರ ಹರ್ಟ್ಸಿನ ಸ್ವರ. ಸಿಳ್ಳೆಯಂಥದ್ದು, ನೆಟ್ಟಗೆ ಕಿವಿಗೆ ಹೋಗುವಂಥದ್ದು. ಅದು ಶುರುವಾಯಿತು. ನೀನು ಸುಮ್ಮನೆ ಕೂತಿದ್ದೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದೆ—

"ನಿಂತುಹೋಯ್ತಾ, ತಮ್ಮ?"

ಸದ್ದು ನನ್ನ ಕಿವಿಯಲ್ಲಿ ಸೂಜಿಯ ಹಾಗೆ ಚುಚ್ಚುತ್ತಿತ್ತು. ನಿನ್ನ ಮುಖ ನೋಡಿದೆ. ಏನೂ ಇಲ್ಲ ಅಲ್ಲಿ. ಗುಂಡಿಯನ್ನು ಪೂರ್ತಿ ಮೇಲೇರಿಸಿದೆ. ನನಗೆ ಹಲ್ಲು ಜುಮ್ಮೆಂದಿತು. ಆಗ ನೀನು ತಲೆಯಾಡಿಸಿ ಅಂದೆ, "ಹಾಂ, ಈಗ ಸಣ್ಣಗೆ ಬಂತು ನೋಡು."

ಹೇಳಬೇಕಾಗಿದ್ದ ಮಾತು ಅದೊಂದೇ ಆಗಿತ್ತು. ಅಕ್ಕ, ಅದು ನಿಂತಿರಲಿಲ್ಲ, ನಿನಗೆ ಕೇಳಿಸಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ಆದರೆ ಸಂಜೆ ಭಾವ, ಪಕ್ಕದ ಮನೆಯವರು, ಬೀದಿಯ ಮಲಯಾಳಿ ಟೈಲರ್, ಎಲ್ಲರೂ ಸಿನಿಮಾ ನೋಡಲು ಬರುವವರಿದ್ದರು. ನನ್ನ ಎದೆ ಆ ಸಂಜೆಗಾಗಿ ಕುಣಿಯುತ್ತಿತ್ತು. ಮಾತು ತೆಗೆದರೆ ನೀನು ಹೆದರುತ್ತೀ, ಸಂಭ್ರಮ ಅಲ್ಲಿಗೆ ಮುಗಿಯುತ್ತದೆ... ನಾಳೆ ಹೇಳಿದರಾಯಿತು...

"ಹೌದಕ್ಕ, ನಡುವೆ ನಿಂತುಹೋಗಿತ್ತು. ಸಿ.ಡಿ. ಸರಿ ಇಲ್ಲ," ಎಂದೆ.

ನೀನು ಕಾಫಿ ಮಾಡಲು ಎದ್ದು ಹೋದಾಗ ಆ ಗುಂಡಿಯನ್ನು ನನ್ನ ಕಿವಿಗೆ ಸರಿಯೆನಿಸುವಷ್ಟಕ್ಕೆ ಇಳಿಸಿದೆ, ಉಳಿದೆರಡನ್ನೂ ನಾನೇ ಕೇಳಿ ಮುಗಿಸಿದೆ.

ಸಂಜೆ ಕೋಣೆ ತುಂಬಿತು. ತೆರೆಯ ಮೇಲೆ ಕುದುರೆಗಳು ಓಡಿದರೆ ಬೆನ್ನ ಹಿಂದೆ ಗೊರಸಿನ ಸದ್ದು! ಪಕ್ಕದ ಮನೆಯ ಅಜ್ಜಿ ಹಿಂದಕ್ಕೆ ತಿರುಗಿ ನೋಡಿದರು. ಟೈಲರ್ ಎದ್ದು ನಿಂತು "ಅಸಲಾಯಿ!" ಎಂದು ತನ್ನ ಭಾಷೆಯಲ್ಲೇ ಭಲೇ ಅಂದ. ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದಾಗ ನೀನು ಹೆಮ್ಮೆಯಿಂದ ಹೇಳಿದೆ, "ಕೈ ಇವನದು, ಕಿವಿ ನನ್ನದು." ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೆಯ ದಿನ ಹೇಳಲಿಲ್ಲ. ಹೇಳಿದರೆ ನಿನ್ನೆ ಯಾಕೆ ಸುಳ್ಳಾಡಿದೆ ಎಂದೂ ಹೇಳಬೇಕಿತ್ತು. ವಾರ ಕಳೆಯಿತು, ವರ್ಷ ಕಳೆಯಿತು. ನೀನು ಅದೇ ಯಂತ್ರಗಳ ಪಕ್ಕ ನಿಲ್ಲುತ್ತಲೇ ಇದ್ದೆ. "ಏನು? ಏನಂದೆ?" ಎಂದು ಎರಡೆರಡು ಸಲ ಕೇಳತೊಡಗಿದೆ. ಒಂದು ಸಲ ಊಟಕ್ಕೆ ಕೂತಾಗ ಭಾವ ಸಿಡುಕಿದರು, "ಇವಳಿಗೆ ಯಾವಾಗಲೂ ಗಮನ ಎಲ್ಲೋ." ನೀನು ತಲೆ ತಗ್ಗಿಸಿದೆ. ಪಕ್ಕದಲ್ಲೇ ಕೂತು ನಾನು ಸಾರು ಕಲಸಿಕೊಳ್ಳುತ್ತಿದ್ದೆ.

ಮೂರು ವರ್ಷದ ಮೇಲೆ ನಿನ್ನನ್ನು ಊಟಿಗೆ ಕರೆದುಕೊಂಡು ಹೋದವನೂ ನಾನೇ. ನಿನ್ನ ಕಿವಿ ಪರೀಕ್ಷಿಸಿ ಡಾಕ್ಟರು ಕಾಗದದ ಮೇಲೆ ಬರೆದ ಗೆರೆ ಅದೇ ನಾಲ್ಕು ಸಾವಿರದ ಸ್ವರದ ಹತ್ತಿರ ಪಾತಾಳಕ್ಕೆ ಇಳಿದಿತ್ತು. "ಯಂತ್ರದ ಸದ್ದಿನಿಂದ ಆಗಿರುವುದು. ಹೋದದ್ದು ತಿರುಗಿ ಬರುವುದಿಲ್ಲ. ಮೊದಲೇ ಗೊತ್ತಾಗಿ ಆ ಕೆಲಸ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ," ಎಂದರು. ನಿನಗೆ ಕೇಳಿಸಲೆಂದು ಗಟ್ಟಿಯಾಗಿಯೇ ಹೇಳಿದರು. ಬಸ್ಸಿನಲ್ಲಿ ನೀನು ನನ್ನ ಕೈ ಹಿಡಿದು, ನನ್ನನ್ನೇ ಸಮಾಧಾನಪಡಿಸುವಂತೆ ಅಂದೆ—

"ಮೊದಲೇ ಗೊತ್ತಾಗೋಕೆ ನಾವೇನು ದೇವರಾ, ತಮ್ಮ?"

ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ನನಗೆ ಗೊತ್ತಿತ್ತು, ಅಕ್ಕ. ನೀನು ಪ್ಯಾಕಿಂಗ್ ವಿಭಾಗಕ್ಕೆ ಬದಲಿ ಕೇಳಬಹುದಿತ್ತು, ಕಿವಿಗೆ ಹತ್ತಿಯಾದರೂ ಇಟ್ಟುಕೊಳ್ಳಬಹುದಿತ್ತು. ಆ ಮೂರು ವರ್ಷ ನಿನ್ನಿಂದ ಕಿತ್ತುಕೊಂಡವನು ನಾನು. ಒಂದು ಸಂಜೆಯ ಸಂತೋಷ ಕೆಡಬಾರದು ಎಂದು.

ಇದನ್ನು ಬಾಯಲ್ಲಿ ಹೇಳಲು ಹೋದರೆ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನಾನೇ ನುಂಗುತ್ತೇನೆ. ಅದಕ್ಕೇ ಬರೆದಿದ್ದೇನೆ. ಬೆಳಿಗ್ಗೆ ಬಂದು ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಕೊನೆಯ ಸಾಲಿನವರೆಗೆ ಓದಿ ತಲೆಯೆತ್ತುವ ತನಕ ಎದುರಿಗೇ ಕೂತಿರುತ್ತೇನೆ. ಈ ಸಲ ಮುಖ ತಿರುಗಿಸುವುದಿಲ್ಲ.