ಸೋತ ದಿನ ಕೃಷ್ಣಾತ ಬಾರಿಸಿದ ಹಲಗಿ

ನಾನು ಗಡಹಿಂಗ್ಲಜದಲ್ಲಿ ಫುಟ್‌ಬಾಲ್ ಮೈದಾನದ ಗೇಟಿನ ಹತ್ತಿರ ಶೇಂಗಾ ಮಾರುತ್ತ ಕೂಡುವವಳು. ಗೋಡೆಯ ಆಚೆ ಏನಾಯಿತೆಂದು ಎದ್ದು ನೋಡುವ ಜರೂರು ನನಗೆ ಎಂದೂ ಬೀಳಲಿಲ್ಲ. ಒಳಗೆ ಕೃಷ್ಣಾತ ಬಾರಿಸುವ ತೊಗಲಿನ ಹಲಗಿ ಎಲ್ಲವನ್ನೂ ಹೇಳುತ್ತಿತ್ತು. ನಮ್ಮ ಹುಡುಗರು ಚೆಂಡು ತಗೊಂಡು ಓಡಿದರೆ ಹಲಗಿಯೂ ಓಡುತ್ತಿತ್ತು. ಗೋಲು ತಪ್ಪಿದರೆ ಒಂದೇ ಏಟು ಹಾಕಿ ಸುಮ್ಮನಾಗುತ್ತಿತ್ತು, ಸಿಟ್ಟು ಬಂದ ಸೊಸೆ ಪಾತ್ರೆ ಇಟ್ಟ ಹಾಗೆ.

ಕೃಷ್ಣಾತ ನಮ್ಮ ಓಣಿಯವನು. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಕೊಡುವ ಸಣ್ಣ ದುಕಾನು ಅವನದು. ಅಜ್ಜ ಮುತ್ತಜ್ಜನ ಕಾಲದಿಂದ ಅವರ ಮನೆಯವರು ಊರಿನ ಹೆಣಗಳ ಮುಂದೆ ಹಲಗಿ ಬಾರಿಸಬೇಕಾಗಿತ್ತು. ಬರುತ್ತೀರೋ ಎಂದು ಯಾರೂ ಕೇಳುತ್ತಿರಲಿಲ್ಲ, ಬಾ ಎಂದು ಹೇಳಿ ಕಳಿಸುತ್ತಿದ್ದರು. ಬೌದ್ಧರಾದ ಮೇಲೆ ಅವನ ಅಪ್ಪ ಹಲಗಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನು ಯಾರು ಸತ್ತರೂ ನಮ್ಮ ಕೈ ಏಳುವುದಿಲ್ಲ ಎಂದುಬಿಟ್ಟ. ಮಗನಿಗೆ ಫುಟ್‌ಬಾಲಿನ ಹುಚ್ಚು ಹತ್ತಿ ಆ ಹಲಗಿ ಕೇಳಿದಾಗ ಮುದುಕ ಎದ್ದು ಗೂಟದ ಹತ್ತಿರ ಹೋದನಂತೆ.

"ಆಟಕ್ಕ ಬಾರ್ಸು, ಖುಷಿಗೆ ಬಾರ್ಸು. ಆ ಬಡತ ಮಾತ್ರ ಬ್ಯಾಡ ಮಗನ" ಎಂದು ಹೇಳಿ ಇಳಿಸಿ ಕೊಟ್ಟನಂತೆ.

ಆ ಬಡಿತ ಯಾವುದೆಂದು ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಹೆಣದ ಮುಂದಿನ ಬಡಿತ. ನಿಧಾನ ನಡೆಯುತ್ತದೆ, ನಡುವೆ ನಿಲ್ಲುತ್ತದೆ, ಮತ್ತೆ ನಡೆಯುತ್ತದೆ. ಅದು ಓಣಿಗೆ ಬಂದರೆ ಹೆಂಗಸರು ಕುಡಿಯುವ ನೀರಿಗೆ ತಾಟು ಮುಚ್ಚಿ, ಯಾರು ಹೋದರೋ ಎಂದು ಬಾಗಿಲಿಗೆ ಬರುತ್ತಾರೆ.

ನಮ್ಮ ಕ್ಲಬ್ಬಿನ ಕಾರಭಾರ ಕೆಟ್ಟು ಎರಡು ವರ್ಷವಾಗಿತ್ತು. ಅಧ್ಯಕ್ಷರು ರಾವಸಾಹೇಬ, ಸಿಮೆಂಟಿನ ವ್ಯಾಪಾರಿ. ಪ್ರಾಕ್ಟೀಸಿನ ಜಾಗದಲ್ಲಿ ಬಟ್ಟೆ ಸೇಲಿನ ಮಂಟಪ ಹಾಕಿಸಿದರು, ಹುಡುಗರು ಡಾಂಬರು ರಸ್ತೆಯ ಮೇಲೆ ಓಡಿ ಮೊಣಕಾಲು ಕೆಡಿಸಿಕೊಂಡರು. ಎಡಗಾಲಿನಿಂದ ಚೆಂದ ಹೊಡೆಯುವ ನಿಲೇಶನನ್ನು ಬೆಂಚಿನ ಮೇಲೆ ಕೂಡಿಸಿ, ರಾವಸಾಹೇಬರ ಅಕ್ಕನ ಮಗ ಕೇತನನನ್ನು ಆಡಿಸುತ್ತಿದ್ದರು. ಜನ ನನ್ನ ಬುಟ್ಟಿಯ ಸುತ್ತ ನಿಂತು ಶೇಂಗಾ ಸುಲಿಯುತ್ತ ಇದನ್ನೇ ಆಡುತ್ತಿದ್ದರು.

"ಕಮಿಟಿಯವ್ರಿಗೆ ಫೋಟೋ ಬೇಕು, ಟೀಮು ಬೇಕಾಗಿಲ್ಲ."

"ಕಮಿಟಿ ಬಿಡೋ, ಆ ಕೋಚ್ ಏನ ಮಾಡಾಕತ್ತಾನ? ಕೇತನ ಚೆಂಡ ಕಂಡರ ನಾಯಿ ಕಂಡಂಗ ಬದಿಗೆ ಸರೀತಾನ. ಅಂಥವನ್ನ ಮುಂದ ಬಿಡತಾನಲ್ಲ!"

"ಆಯಿ, ನೀವ ಇಳೀರಿ ಮೈದಾನಕ್ಕ. ನಿಮ್ಮ ಬುಟ್ಟಿ ದಾಟಿ ಯಾವ ಚೆಂಡೂ ಹೋಗೂದಿಲ್ಲ."

ಆಟದ ದಿನ ರಾವಸಾಹೇಬರು ಮೈದಾನದ ಬದಿಯ ಗಣ್ಯರ ಮಂಟಪದಲ್ಲಿ ಸೋಫಾದ ಮೇಲೆ ಕೂಡುತ್ತಿದ್ದರು. ಅವರ ಹೆಸರು ಹಿಡಿದು ಕೂಗುವ ಧೈರ್ಯ ಒಬ್ಬನಿಗೂ ಇರಲಿಲ್ಲ, ನಾಳೆ ಅವರ ಬಾಗಿಲಿಗೆ ಹೋಗುವ ಕೆಲಸ ಎಲ್ಲರಿಗೂ ಇರುತ್ತಿತ್ತು. ಕೋಚ್ ತುಷಾರ ಮಾತ್ರ ಗೆರೆಯ ಪಕ್ಕದಲ್ಲಿ ಬಿಸಿಲಿಗೆ ನಿಂತಿರುತ್ತಿದ್ದ, ಬೈದರೆ ಕೇಳಿಸುವಷ್ಟು ಹತ್ತಿರ. ಅವನೂ ಇದೇ ಊರಿನವನು, ತಾಯಿ ಬಯಾಬಾಯಿಯ ಸಂಗಡ ಮೈದಾನದ ಹಿಂದಿನ ಓಣಿಯಲ್ಲಿರುತ್ತಿದ್ದ.

ದೀಪಾವಳಿಯ ಸ್ಪರ್ಧೆಯಲ್ಲಿ ಸೆಮಿಫೈನಲ್ ಕೊಲ್ಲಾಪುರದವರ ಜೊತೆ ಬಿತ್ತು. ಕೇತನ ತೆರೆದ ಗೋಲಿನ ಮುಂದೆ ಎರಡು ಸಲ ಎಡವಿದ. ನಿಲೇಶನನ್ನು ಬೆಂಚಿನಿಂದ ಎಬ್ಬಿಸಲೇ ಇಲ್ಲ. ಮೂರು ಗೋಲಿನಿಂದ ಸೋತು ನಮ್ಮವರು ಹೊರಬಂದರು.

ತುಷಾರ ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡು ಗೇಟು ದಾಟಿದ. ಹಿಂದೆ ಜನ. ಯಾರೋ ಕ್ಲಬ್ಬಿನ ಬ್ಯಾನರು ಹರಿದು ನಾಲ್ಕು ಮಂದಿಯ ಹೆಗಲಿಗೆ ಕೊಟ್ಟರು, ಚಟ್ಟ ಹೊತ್ತ ಹಾಗೆ.

"ಏ ಕೃಷ್ಣಾ, ಟೀಮ ಸತ್ತೈತೋ! ಬಾರ್ಸು!"

ಕೃಷ್ಣಾತ ಮೊದಲು ನಕ್ಕ. ಆಮೇಲೆ ಅವನ ಕೈ ಎದ್ದಿತು. ಅವನು ಆ ಬಡಿತ ಯಾರಿಂದಲೂ ಕಲಿತಿರಲಿಲ್ಲ. ಆದರೂ ಅದು ಬಂತು, ಒಂದು ಏಟೂ ತಪ್ಪದೆ ಬಂತು. ಜನ ಹೋ ಎಂದು ನಕ್ಕರು. ಕೆಲವರು ಬಾಯಿಗೆ ಟವೆಲ್ಲು ಇಟ್ಟುಕೊಂಡು ಅತ್ತ ಹಾಗೆ ಮಾಡಿದರು. ತುಷಾರ ಹಿಂದೆ ನೋಡದೆ ನಡೆಯುತ್ತಿದ್ದ. ನನ್ನ ಮನೆಯ ದಾರಿಯೂ ಅದೇ, ಬುಟ್ಟಿ ಎತ್ತಿಕೊಂಡು ನಾನೂ ಹಿಂದೆ ಹೊರಟಿದ್ದೆ.

ಬಯಾಬಾಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮಗ ಆಟಕ್ಕೆ ಹೋಗಿದ್ದಾನೆ ಎಂಬುದಷ್ಟೇ ಅವಳಿಗೆ ಗೊತ್ತು. ಹೆಣದ ಹಲಗಿ ಓಣಿಗೆ ಬಂತು, ಹತ್ತಿರ ಬಂತು, ಅವಳದೇ ಬಾಗಿಲಿಗೆ ಬಂದು ನಿಂತಿತು. ಇನ್ನೇನು ತಿಳಿಯಬೇಕು ತಾಯಿ?

"ನನ್ನ ತುಷಾರ!" ಎಂದು ಒದರುತ್ತ ಹಿಟ್ಟಿನ ಕೈಯಲ್ಲೇ ಓಡಿಬಂದು, ಹೊಸ್ತಿಲು ಎಡವಿ, ಕಲ್ಲಿನ ಮೆಟ್ಟಿಲ ಮೇಲೆ ಬಿದ್ದಳು. ಸೊಂಟ ಮುರಿದ ಸಪ್ಪಳ ನನಗೆ ಕೇಳಿಸಿತು. ಆಮೇಲೆ ತಲೆ ಎತ್ತಿ ಮಗನನ್ನು ಕಂಡು ಅವನ ಬೂಟು ಹಿಡಿದುಕೊಂಡಳು.

"ಬದಕಿದ್ದಿ? ಮಗನ, ಬದಕಿದ್ದಿ?"

ಹೊತ್ತಿದ್ದ ಬ್ಯಾನರು ನೆಲಕ್ಕೆ ಬಿತ್ತು. ನೋಡುನೋಡುತ್ತ ಜನ ಕರಗಿದರು. ಉಳಿದವನು ಕೃಷ್ಣಾತ ಒಬ್ಬ. ಅವಳನ್ನು ಎತ್ತಲು ಬಗ್ಗಿದ.

"ಬಿಡ್ರಿ ಕಾಕಾ," ತುಷಾರ ಅಂದ. ದನಿ ಏರಿಸಲಿಲ್ಲ. "ನೀವ ಹೋಗ್ರಿ."

ಮರುದಿನ ನಿಲೇಶ ಕೃಷ್ಣಾತನ ದುಕಾನಿಗೆ ಬಂದಾಗ ನಾನು ಅಲ್ಲೇ ನೆರಳಿಗೆ ಕೂತಿದ್ದೆ. ಹುಡುಗನ ಕಣ್ಣು ಕೆಂಪಾಗಿದ್ದವು.

"ಕಾಕಾ, ನನ್ನ ಬೆಂಚಿನ ಮ್ಯಾಲ ಕುಂದ್ರಿಸಿದವ್ರು ತುಷಾರ ಸರ್ ಅಲ್ರಿ. ಕೇತನ ಆಡಲಿಲ್ಲಂದ್ರ ಸ್ಪರ್ಧೆಯಿಂದ ಟೀಮಿನ ಹೆಸರ ಹಿಂದಕ್ಕ ತಗೋತೇನಿ ಅಂದಿದ್ರು ರಾವಸಾಹೇಬರು. ಸರ್ ನನ್ನ ಸಲುವಾಗಿ ಜಗಳಾಡಿ ಕ್ಲಬ್ಬ ಬಿಟ್ಟ ಹೊಂಟಿದ್ರು. ನಾವ ಹುಡುಗ್ರ ಕಾಲ ಹಿಡದ ನಿಲ್ಲಿಸಿದ್ವಿ."

"ಮೊದಲ ಯಾಕ ಹೇಳಲಿಲ್ಲೋ ತಮ್ಮಾ?"

"ನೀವ ಕೇಳಿದ್ದ ಯಾವಾಗ್ರಿ? ನೀವ ಬಾರಸಾಕತ್ತಿದ್ದಿರಿ."

ಕೃಷ್ಣಾತ ಕೈಯಲ್ಲಿದ್ದ ತಂತಿ ಕೆಳಗಿಟ್ಟ. ಆ ದಿನ ಮೋಟಾರು ಮುಟ್ಟಲಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಮಂಗಲ, "ಮಾವನೋರ ಇದ್ದಿದ್ರ..." ಎಂದು ಅರ್ಧಕ್ಕೆ ಬಿಟ್ಟಳಂತೆ. ಆಕೆ ಪೂರ್ತಿ ಬೈದಿದ್ದರೆ ಚಲೋ ಇತ್ತು ಎಂದು ಅವನು ನನಗೆ ಹೇಳಿದ. ಗೆಳೆಯರು ಸಮಾಧಾನ ಮಾಡಿದರು. ಎಲ್ಲಾರೂ ಕೂಡೇ ಹೋಗಿದ್ದೆವು, ನಿನ್ನದೊಬ್ಬಂದೇ ಏನು, ಆ ಮುದುಕಿ ನೋಡಿಕೊಂಡು ಬರಬೇಕಾಗಿತ್ತು ಎಂದರು. ಆ ಮಾತು ಕೇಳಿದಾಗ ಮಾತ್ರ ಅವನು ಎದ್ದು ಹೋದ.

ಅದಕ್ಕಿಂತ ಕೆಟ್ಟದ್ದು ಮುಂದಿತ್ತು. ತುಷಾರ ಕ್ಲಬ್ಬು ಬಿಟ್ಟ ಸುದ್ದಿಯಾದ ಮೇಲೆ ರಾವಸಾಹೇಬರೇ ಗಾಡಿ ನಿಲ್ಲಿಸಿ ದುಕಾನಿಗೆ ಬಂದರು.

"ಶಾಬ್ಬಾಸ್ ಕೃಷ್ಣಾತ! ಕಾಟ ಹೋತ ನೋಡು. ನಾವ ಬಾಯಿಬಿಟ್ಟ ಹೇಳಾಕ ಬರ್ತಿರಲಿಲ್ಲ, ನಿನ್ನ ಹಲಗಿ ಹೇಳಿತು. ರವಿವಾರ ಸಭಾದಾಗ ನಿನಗ ಸತ್ಕಾರ ಐತಿ. ಶಾಲು, ತೆಂಗಿನಕಾಯಿ. ಯೇಣಾರ್ ನಾ, ಬರತಿಯಲ್ಲ?"

ನಿಜವಾಗಿ ಯಾರ ಮೇಲಿನ ಸಿಟ್ಟಿಗೆ ಬಾರಿಸಿದನೋ ಅವನೇ ಬಂದು ಬೆನ್ನು ತಟ್ಟುತ್ತಿದ್ದ. ಕೃಷ್ಣಾತನ ಮುಖ ಬೂದಿಯಾಯಿತು.

"ಸಾಹೇಬ್ರ, ಆ ಬಡತ ನಿಮ್ಮ ಬಾಗಲಕ್ಕ ಬರಬೇಕಾಗಿತ್ತು. ಹೆದರಿ ಬಡವರ ಬಾಗಲಕ್ಕ ಒಯ್ದೆ. ನಿಮ್ಮ ಶಾಲು ನನಗ ಬ್ಯಾಡ್ರಿ."

ರಾವಸಾಹೇಬರು ತಿರುಗಿ ಗಾಡಿ ಹತ್ತಿದರು. ಅಲ್ಲೇ ಕೂತಿದ್ದ ನಾನು ಒಳಗೊಳಗೇ ಹಿಗ್ಗಿದೆ. ಅವನಿಗೆ ಹಿಗ್ಗು ಬರಲಿಲ್ಲ.

"ಅದೂ ತಪ್ಪ ಅಂದೆ ಆಯಿ," ಎಂದ. "ಆ ಮನ್ಯಾಗೂ ಒಬ್ಬಾಕಿ ತಾಯಿ ಇದ್ದಾಳು. ಯಾರ ಬಾಗಲಕ್ಕೂ ಒಯ್ಯಬಾರದಿತ್ತು."

ಬಯಾಬಾಯಿ ಆಪರೇಶನ್ ಆಗಿ ಮನೆಗೆ ಬಂದಳು. ಕೃಷ್ಣಾತ ಅವರ ಓಣಿಯ ತಿರುವಿನವರೆಗೆ ಹೋಗಿ ಮರಳಿ ಬರುತ್ತಿದ್ದ. ಕಡೆಗೆ, ನೀವು ಹೋಗಿ ಕೇಳಿಕೊಂಡು ಬರ್ರಿ ಎಂದ. ನಾನು ಹೋಗಿ ಅವಳ ಮಂಚದ ಹತ್ತಿರ ಕೂತೆ.

"ಸೊಂಟದ ನೋವು ತಡಕೊಂಡೇನಬೇ," ಅಂದಳು ಆಕೆ. "ಆದರ ಬಾಗಲ ಬಡದರ ಸಾಕು, ಎದಿ ಒಡದ ಹೋಗ್ತೈತಿ. ಅವನ ಮ್ಯಾಲ ಸಿಟ್ಟಿಲ್ಲ ಅನ್ನು. ಖರೇ ಬರೂದ ಬ್ಯಾಡ ಅನ್ನು."

ಇದ್ದದ್ದನ್ನು ಇದ್ದ ಹಾಗೇ ಅವನಿಗೆ ಹೇಳಿದೆ. ಸಕ್ಕರೆ ಸುರಿದು ಹೇಳಲು ಮನಸ್ಸು ಬರಲಿಲ್ಲ.

ತುಷಾರ ಈಗ ಸಂಜೆ ಹೊತ್ತು ಹತ್ತಿರದ ನೂಲ ಎಂಬ ಹಳ್ಳಿಯಲ್ಲಿ ಶಾಲೆಯ ಮಕ್ಕಳಿಗೆ ಆಟ ಕಲಿಸುತ್ತಾನೆ. ಕಬ್ಬಿನ ಹೊಲದ ಮಗ್ಗುಲಿನ ಬಯಲು ಅದು. ಕೃಷ್ಣಾತ ಒಂದು ದಿನ ದುಕಾನು ಬೇಗ ಮುಚ್ಚಿ ಅಲ್ಲಿಗೆ ಹೋದ. ಕಾಲು ಹಿಡಿಯಬೇಕು, ಇಂಥಿಂಥ ಮಾತು ಆಡಬೇಕು ಎಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಹೋಗಿದ್ದ. ತುಷಾರ ಅವನನ್ನು ಕಂಡ. ಸೀಟಿ ಬಾಯಿಂದ ತೆಗೆಯಲಿಲ್ಲ.

ಅಷ್ಟರಲ್ಲಿ ಚೆಂಡೊಂದು ಕಬ್ಬಿನೊಳಗೆ ಹೋಯಿತು. ಕೃಷ್ಣಾತ ನುಗ್ಗಿ ಹುಡುಕಿ ತಂದುಕೊಟ್ಟ. ಮತ್ತೊಂದು ಹೋಯಿತು, ಅದನ್ನೂ ತಂದ. ಹೊತ್ತು ಮುಳುಗುವವರೆಗೆ ಅವನ ಕೆಲಸ ಅದೇ ಆಯಿತು. ಕಬ್ಬಿನ ರವುದಿಯ ಒಣ ಎಲೆ ಕೊಯ್ದು ಎರಡೂ ತೋಳು ಗೀರುಗೀರಾಗಿದ್ದವು.

ಮಕ್ಕಳು ಹೋದ ಮೇಲೆ ತುಷಾರ ಚೀಲ ಕಟ್ಟುತ್ತ, ಅವನ ತೋಳಿನ ಕಡೆ ನೋಡಿದನಂತೆ, ಮುಖದ ಕಡೆ ಅಲ್ಲ.

"ನಾಳೆ ಉದ್ದ ತೋಳಿನ ಅಂಗಿ ಹಾಕ್ಕೊಂಡ ಬರ್ರಿ" ಎಂದು ಹೇಳಿ ಗಾಡಿ ಶುರು ಮಾಡಿಕೊಂಡು ಹೋದ.

ಕೃಷ್ಣಾತ ಈಗ ದಿನಾ ಹೋಗುತ್ತಾನೆ. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ಇನ್ನೂ ಆಗಿಲ್ಲ.